ತನ್ನ ಕೆಲಸಕ್ಕೆ ತಾನೇ ಸಾಕ್ಷಿ

ಬೆಳಗಿನ ಐದೂವರೆ. ಲೂಯಿಸಿಯಾನದ ಸೇಂಟ್ ಓಡೀಲ್ ಊರಿನಲ್ಲಿ ನದಿಯ ಕಡೆಯ ಮಂಜು ಇನ್ನೂ ಕರಗಿಲ್ಲ. ಎಂಬತ್ತೊಂದು ವರ್ಷದ ಆರ್ಲೀಥಾ ಗಿಲೋರಿ ನೆರೆಯವನಾದ ಓಸಿಯ ಹಿತ್ತಲಿನಲ್ಲಿ ಕೊಳವೆಬಾವಿಯ ನಲ್ಲಿಗೆ ಬಾಟಲಿ ಹಿಡಿದು ಬಗ್ಗಿದ್ದಾರೆ. ಮೊದಲ ಐದು ನಿಮಿಷದ ನೀರನ್ನು ಹರಿಯಬಿಟ್ಟ ಮೇಲಷ್ಟೇ ಪರೀಕ್ಷೆಗೆ ಹಿಡಿಯಬೇಕು. ಸೊಂಟ ಎಷ್ಟೇ ಹಿಡಿದುಕೊಳ್ಳಲಿ, ಆ ಐದು ನಿಮಿಷವನ್ನು ಅವರು ತಪ್ಪಿಸುವವರಲ್ಲ.

"ಮಿಸ್ ಆರ್ಲೀಥಾ, ಕುದಿಸಿ ಕಾಫಿ ಮಾಡಿದ್ರೂ ಆಗಲ್ವಾ?" ಓಸಿ ಕೇಳುತ್ತಾನೆ.

"ಕುದಿಸಿದ್ರೆ ಪಾಷಾಣ ಎದ್ದು ಓಡಿಹೋಗುತ್ತೇನೋ? ಇನ್ನೂ ಗಟ್ಟಿಯಾಗುತ್ತೆ. ನಿನ್ನ ಹೆಂಡತಿ ಕಾಫಿ ಹೇಗಿದ್ರೂ ವಿಷಾನೇ, ಅದು ಬೇರೆ ಮಾತು."

ಓಸಿ ನಗುತ್ತಾನೆ. ಆರ್ಲೀಥಾ ನಗುವುದಿಲ್ಲ. ಊರಿನ ಇಪ್ಪತ್ತಮೂರು ಬಾವಿಗಳಲ್ಲಿ ಹದಿನಾಲ್ಕರ ನೀರು ಕುಡಿಯಲು ಲಾಯಕ್ಕಿಲ್ಲ. ಇದನ್ನು ಅವರು ತಮ್ಮ ಗ್ಯಾರೇಜಿನಲ್ಲಿ, ತಮ್ಮ ಕೈಯಾರೆ ಪರೀಕ್ಷಿಸಿ ಕಂಡುಕೊಂಡಿದ್ದಾರೆ. ನಂಬಬೇಕಾದವರು ನಂಬುತ್ತಿಲ್ಲ.

ಸಾವಿರದ ಒಂಬೈನೂರ ಅರವತ್ತಾರರಲ್ಲಿ ಕಪ್ಪು ಜನರ ಕಾಲೇಜಿನಿಂದ ರಸಾಯನಶಾಸ್ತ್ರದಲ್ಲಿ ಮೊದಲಿಗಳಾಗಿ ಬಂದ ಹುಡುಗಿಗೆ ಊರಾಚೆಯ ಮರದ ಕಾರ್ಖಾನೆ ಕೊಟ್ಟ ಹುದ್ದೆ ಗಾಜಿನ ಪಾತ್ರೆ ತೊಳೆಯುವುದು. ಕಪ್ಪು ಹೆಣ್ಣಿಗೆ ಅವರಲ್ಲಿದ್ದದ್ದು ಅದೊಂದೇ ಹುದ್ದೆ. ಮೂರೇ ತಿಂಗಳಲ್ಲಿ ಪ್ರಯೋಗಾಲಯದ ಯಜಮಾನ ಹ್ಯಾಡ್ಲಿಗೆ ಈಕೆಯ ಕೈ ತನ್ನ ತಲೆಗಿಂತ ಚುರುಕು ಎಂದು ಗೊತ್ತಾಯಿತು. ಮರಕ್ಕೆ ಗೆದ್ದಲು ಹತ್ತದಂತೆ, ಜೌಗಿನಲ್ಲೂ ತೊಳೆದುಹೋಗದಂತೆ ಮದ್ದು ಕಂಡುಹಿಡಿದವರು ಆರ್ಲೀಥಾ. ಆರ್ಸೆನಿಕ್ ಎಂಬ ಪಾಷಾಣ, ತಾಮ್ರ, ಕ್ರೋಮಿಯಂ ಸೇರಿಸಿದ ಪಾಕ ಅದು. ಹೆಸರು ಬಂದದ್ದು ಹ್ಯಾಡ್ಲಿಗೆ. ಬೆವರು ಒಬ್ಬರದು, ಬಿರುದು ಇನ್ನೊಬ್ಬರದು.

ಪ್ರಯೋಗದ ಪುಸ್ತಕದಲ್ಲಿ ಪ್ರತಿ ಪುಟದ ಕೆಳಗೆ ಎರಡು ಗೆರೆ. ಒಂದು ಪ್ರಯೋಗ ಮಾಡಿದವರ ಸಹಿಗೆ, ಇನ್ನೊಂದು ಕಣ್ಣಾರೆ ಕಂಡ ಸಾಕ್ಷಿಯ ಸಹಿಗೆ. ಮೇಲಿನದರಲ್ಲಿ ಹ್ಯಾಡ್ಲಿ ಸಹಿ ಹಾಕುತ್ತಿದ್ದ. ಕೆಳಗಿನದರಲ್ಲಿ ಆರ್ಲೀಥಾ. ಮೂವತ್ತೊಂದು ಪುಸ್ತಕ, ಎಲ್ಲವೂ ಹಾಗೆಯೇ.

"ಹಾಕಲ್ಲ ಅಂದಿದ್ರೆ ಮಾರನೇ ದಿನ ಬೇರೆಯವಳು ಬರ್ತಿದ್ಳು. ಮನೇಲಿ ಮೂರು ಮಕ್ಕಳು" ಎನ್ನುತ್ತಾರೆ.

ಉಳಿದ ಪಾಕವನ್ನು ಕಾರ್ಖಾನೆ ಹಿಂದಿನ ಹೊಂಡಕ್ಕೆ ಸುರಿಯುತ್ತಿದ್ದುದೂ ಅವರಿಗೆ ಗೊತ್ತಿತ್ತು. ಎರಡು ಸಲ ಬೇಡವೆಂದರು. ಮೂರನೆಯ ಸಲ ಬಾಯಿ ಮುಚ್ಚಿಕೊಂಡರು. ಅದನ್ನು ಹೇಳುವಾಗ ಮಾತ್ರ ಅವರು ಎದುರಿನವರ ಮುಖ ನೋಡುವುದಿಲ್ಲ.

ಕಳೆದ ವಸಂತದಲ್ಲಿ ಸರ್ಕಾರ ವಿಚಾರಣೆ ನಡೆಸಿತು. ಪಾಷಾಣ ಈ ಮಣ್ಣಿನಲ್ಲೇ ಮೊದಲಿನಿಂದ ಇದೆ, ನಮ್ಮದಲ್ಲ ಎಂದಿತು ಕಾರ್ಖಾನೆ. ಆರ್ಲೀಥಾ ಎದ್ದು ನಿಂತರು. "ಮಣ್ಣಿನ ಪಾಷಾಣ ತಾಮ್ರ, ಕ್ರೋಮಿಯಂನ ಕೈ ಹಿಡ್ಕೊಂಡು ಬರುತ್ತಾ? ಬಾವೀಲಿ ಮೂರೂ ಇವೆ. ಅದು ನನ್ನ ಪಾಕ. ನಾನೇ ಮಾಡಿದ್ದು, ನನಗೆ ಗುರುತು ಸಿಗಲ್ವಾ?"

ಕಾರ್ಖಾನೆಯ ವಕೀಲ ಹಳೆಯ ಪುಸ್ತಕವೊಂದನ್ನು ತೆರೆದು ಮುಂದಿಟ್ಟ. "ಅಮ್ಮಾ, ಈ ಸಹಿ ನಿಮ್ಮದೇ ತಾನೇ? ನಾನು ನೋಡಿದೆ ಅಂತ ನೀವೇ ಬರೆದಿದ್ದೀರಿ. ಮಾಡಿದೆ ಅಂತ ಎಲ್ಲಿ ಬರೆದಿದ್ದೀರಿ?"

ಅಕ್ಷರ ಅವರದು, ಲೆಕ್ಕ ಅವರದು, ಸಹಿಯೂ ಅವರದೇ. ಪಾತ್ರೆ ತೊಳೆಯುವವಳ ಮಾತು ತಜ್ಞರ ಹೇಳಿಕೆಯಾಗುವುದಿಲ್ಲ ಎಂದು ಅಧಿಕಾರಿಗಳು ಕಡತ ಮುಚ್ಚಿದರು. ಇದನ್ನು ಓದಿದವರಿಗೆ ಸಿಟ್ಟು ಬಂದರೆ ಬರಲಿ, ಬರಬೇಕಾದದ್ದೇ. ಊರಿನವರು ಇವತ್ತಿಗೂ ಅದೇ ನೀರು ಕುಡಿಯುತ್ತಿದ್ದಾರೆ.

ಮುಂದಿನ ತಿಂಗಳು ಮೇಲ್ಮನವಿ. ಏನು ಬಯಸುತ್ತೀರಿ ಎಂದರೆ ಆರ್ಲೀಥಾ ಬಾಟಲಿಯ ಮುಚ್ಚಳ ತಿರುಗಿಸುತ್ತ ಹೇಳುತ್ತಾರೆ:

"ಹೊಗಳಿಕೆಯೆಲ್ಲ ಹ್ಯಾಡ್ಲಿನೇ ಇಟ್ಕೊಳ್ಳಲಿ, ಗೋರಿ ಮೇಲೂ ಕೆತ್ತಿಸ್ಕೊಳ್ಳಲಿ. ಈ ವಿಷ ಮಾಡಿದ್ದು ಆರ್ಲೀಥಾ ಗಿಲೋರಿ ಅಂತ ಒಂದು ಸಾಲು ಬರೀಲಿ, ಅಷ್ಟೇ. ತಪ್ಪು ನಂದು ಅಂದ್ರೂ ನನ್ನ ಹೆಸರು ಬರೆಯೋಕೆ ಇವರಿಗೆ ಕೈ ಬರ್ತಿಲ್ವಲ್ಲ."