ಯೋಚಿಸಿ ಬರೆದ ಉತ್ತರ

ಮಕ್ಕಳಿಗೆ ಯೋಚಿಸುವುದನ್ನು ಕಲಿಸುವ ತರಬೇತಿಗೆಂದು ನನ್ನನ್ನು ಚಿಕ್ಕಬಳ್ಳಾಪುರಕ್ಕೆ ಕಳಿಸಿದ್ದರು. ಸಂಪನ್ಮೂಲ ವ್ಯಕ್ತಿ ಎಂಬ ಮಹಾನುಭಾವರು ಪರದೆಯ ಮೇಲಿದ್ದುದನ್ನು ಓದಿದರು, ನಾವು ಕಾಪಿ ಹೊಡೆದೆವು. ಒಬ್ಬರು ಪ್ರಶ್ನೆ ಕೇಳಿದ್ದಕ್ಕೆ, “ಮೊದ್ಲು ಬರ್ಕೊಳಿ ಸಾರ್” ಎಂದರು. ಊಟ ಮಾತ್ರ ಚೆನ್ನಾಗಿತ್ತು.

ವಾಪಸು ಬಂದು ‘ಯೋಚಿಸಿ ಬರೆಯಿರಿ’ ಪ್ರಶ್ನೆಗಳಿಗೆ ನಾನೇ ಉತ್ತರ ಬರೆಸಿ, ಉರು ಹೊಡೆಸಿದೆ. ರೇಷ್ಮೆಹುಳು ಸೊಪ್ಪು ತಿನ್ನದಿರಲು ಕಾರಣವೇನು ಎಂದು ಪರೀಕ್ಷೆಯಲ್ಲಿತ್ತು. ಸೊಪ್ಪು ಬಾಡಿರುವುದರಿಂದ ಎಂದು ಇಡೀ ತರಗತಿ ಬರೆಯಿತು. ಮನೆಯಲ್ಲಿ ಹುಳು ಸಾಕುವ ಜಂಗಮಕೋಟೆಯ ಹುಡುಗಿಯೊಬ್ಬಳು ಮಾತ್ರ, ಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ಸೊಪ್ಪಿನ ಮೇಲೆ ಬಿದ್ದಿರಬಹುದು ಎಂದು ಬರೆದಿದ್ದಳು.

“ಕೀ ಆನ್ಸರ್‌ನಲ್ಲಿ ಇಲ್ವಲ್ಲ ಮೇಷ್ಟ್ರೇ,” ಎಂದರು ಅವಳ ಉತ್ತರ ನೋಡಿದ ಹೆಡ್‌ಮಾಸ್ಟರು.

ಆ ಕೀ ಆನ್ಸರ್ ಬರೆದಿದ್ದವನು ನಾನೇ. ಒಂದು ಕ್ಷಣವೂ ಯೋಚಿಸದೆ ಅವಳಿಗೆ ಸೊನ್ನೆ ಹಾಕಿದೆ.