ಹತ್ತು ಲಕ್ಷದ ಒಂದು

ಹತ್ತು ಲಕ್ಷದ ಒಂದು ಅವಿಭಾಜ್ಯ ಸಂಖ್ಯೆಯಲ್ಲ. ತೊಂಬತ್ತರ ದಶಕದಲ್ಲಿ, ಗುಬ್ಬಿಯ ಒಂದು ಶಾಲೆಯಲ್ಲಿ, ಇದನ್ನು ಹೇಳಿದ್ದಕ್ಕೇ ನಾನು ಸೋತೆ. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆಗ ನಾನು ಹತ್ತನೇ ಕ್ಲಾಸು. ಅದು ತಾಲ್ಲೂಕು ಮಟ್ಟದ ಗಣಿತ ಸ್ಪರ್ಧೆ. ಗೆದ್ದ ಒಬ್ಬರಿಗೆ ಮಾತ್ರ ತುಮಕೂರಿನ ಜಿಲ್ಲಾ ಸ್ಪರ್ಧೆಗೆ ಹೋಗುವ ಅವಕಾಶ. ಹೈಸ್ಕೂಲು ಮುಗಿಯುತ್ತಿತ್ತು, ನನಗಿದ್ದದ್ದು ಅದೊಂದೇ ಸಲ. ಕೊನೆಗೆ ಉಳಿದದ್ದು ನಾನು ಮತ್ತು ಬೇರೆ ಶಾಲೆಯ ಒಬ್ಬ ಹುಡುಗಿ, ಇಬ್ಬರಿಗೂ ಸಮ ಅಂಕ. ಕೊನೆಯ ಪ್ರಶ್ನೆ: 10,00,001 ಅವಿಭಾಜ್ಯವೇ, ಅಲ್ಲವೇ?

ಇದಕ್ಕೆ ನಮ್ಮ ಶಾಲೆಗಳಲ್ಲಿ ಒಂದು ರೂಢಿಯಿತ್ತು. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು. ಗೈಡಿನ ಹಿಂಬದಿಯ ಪಟ್ಟಿ ಅಲ್ಲಿಗೆ ಮುಗಿಯುತ್ತಿತ್ತು. ಯಾವುದರಿಂದಲೂ ಭಾಗವಾಗದಿದ್ದರೆ ಅವಿಭಾಜ್ಯ ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುವುದು. ನಮ್ಮ ಗಣಿತದ ಮೇಡಂ ಹೇಳಿಕೊಟ್ಟದ್ದೂ ಇಷ್ಟೇ. ಹದಿಮೂರರ ಆಚೆ ಸಂಖ್ಯೆಗಳೇ ಇಲ್ಲವೇನೋ!

ಆ ಹುಡುಗಿ ಹಾಗೇ ಮಾಡಿದಳು. ಏಳಕ್ಕೂ ಹನ್ನೊಂದಕ್ಕೂ ಹದಿಮೂರಕ್ಕೂ ಎರಡೆರಡು ಶೇಷ ಬಂತು, ಗೆರೆ ಎಳೆದಳು. ನನಗೆ ಮೊದಲಿಂದ ನೂರಾ ಒಂದರ ಹುಚ್ಚು. ಎರಡಂಕಿಯ ಯಾವುದನ್ನೇ ಅದರಿಂದ ಗುಣಿಸಿ, ಅದೇ ಸಂಖ್ಯೆ ಎರಡು ಸಲ ಬರುತ್ತದೆ. ತೊಂಬತ್ತೊಂಬತ್ತು 9,999 ಆಗುತ್ತದೆ. ಅದರ ನೂರು ಪಟ್ಟು, ಅಂದರೆ 9,900 ಸಲ ನೂರಾ ಒಂದು, 9,99,900. ಹತ್ತು ಲಕ್ಷದ ಒಂದಕ್ಕೆ ಇನ್ನೆಷ್ಟು ಬೇಕು? ಸರಿಯಾಗಿ ನೂರಾ ಒಂದು! ಬೋರ್ಡಿನ ಮೇಲೆ ಬರೆದೆ: 101 × 9,901.

ತೀರ್ಪುಗಾರರಾಗಿದ್ದ ಸಾರ್ ಕೈಯಲ್ಲಿದ್ದ ಉತ್ತರದ ಹಾಳೆ ನೋಡಿದರು. ಬೋರ್ಡಿನ ಕಡೆ ತಿರುಗಲೇ ಇಲ್ಲ.

“ತಪ್ಪು. ಅವಿಭಾಜ್ಯ ಅಂತ ಐತೆ ಇಲ್ಲಿ.”

“ಒಂದ್ಸಲ ಗುಣಿಸಿ ನೋಡಿ ಸಾರ್.”

“ಏನಮ್ಮ, ನಂಗೇ ಮಗ್ಗಿ ಹೇಳ್ಕೊಡ್ತೀಯಾ?”

ಎಲ್ಲರೂ ನಕ್ಕರು. ನಾನು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ನನ್ನ ಕಾಟ ತಾಳಲಾರದೆ ಹಾಳೆಯ ಹಿಂದೆ ಗುಣಿಸಿದರು. ಹತ್ತು ಲಕ್ಷದ ಒಂದೇ ಬಂತು. ಮುಖ ಕಪ್ಪಿಟ್ಟಿತು.

“ಮೇಲಿಂದ ಬಂದಿರೋ ಹಾಳೆ ಕಣಮ್ಮ ಇದು. ಇದ್ರಲ್ಲಿ ಇದ್ದಂಗೇ ಹಾಕ್ಬೇಕು, ನಾನೇನ್ ಮಾಡ್ಲಿ?”

ಥೂ! ಮೇಲಿಂದ ಹಾಳೆ ಬಂದರೆ ಸಂಖ್ಯೆ ಬೇರೆಯಾಗುತ್ತದೆಯೇ?

“ಇದು ಅನ್ಯಾಯ ಸಾರ್,” ಎಂದು ಕೂಗಿಯೇ ಬಿಟ್ಟೆ.

ಪಕ್ಕದಲ್ಲಿ ನಿಂತು ಆ ಗುಣಾಕಾರವನ್ನು ಕಣ್ಣಾರೆ ನೋಡಿದ್ದ ನಮ್ಮ ಮೇಡಂ ನನ್ನ ರಟ್ಟೆ ಹಿಡಿದರು. “ಸುಮ್ನಿರೇ. ದೊಡ್ಡೋರ ಹತ್ರ ಹಿಂಗಾ ಮಾತಾಡೋದು? ತಪ್ಪಾಯ್ತು ಅನ್ನು.”

“ತಪ್ಪಾಯ್ತು ಸಾರ್,” ಅಂದೆ.

“ಹೋಗ್ಲಿ ಬುಡಮ್ಮ, ಚಿಕ್ಕೋಳು,” ಎಂದು ಸಾರ್ ನನ್ನನ್ನು ಕ್ಷಮಿಸಿದರು. ಕ್ಷಮಿಸಿ, ತುಮಕೂರಿನ ಪಟ್ಟಿಗೆ ಆ ಹುಡುಗಿಯ ಹೆಸರು ಬರೆದರು.