ತೂತು ಮುಚ್ಚಿದವಳು

ಹಳೇ ಮರದ ಅಡ್ಡೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರ ಬಾಯಲ್ಲೂ ಮೊಳೆಯಕ್ಕ. ಕೆಡವಿದ ಮನೆಗಳ ತೊಲೆ, ಬಾಗಿಲು, ಅಟ್ಟದ ಹಲಗೆಗಳು ಲಾರಿಯಲ್ಲಿ ಬಂದು ಬೀಳುತ್ತಿದ್ದವು. ಅವುಗಳ ಮೈಯಿಂದ ತುಕ್ಕು ಹಿಡಿದ ಮೊಳೆ ಕಿತ್ತು, ಗೋಂದಿನಲ್ಲಿ ಕಲಸಿದ ಮರದ ಪುಡಿಯನ್ನು ತೂತಿಗೆ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜುವುದು ಅವಳ ಕೆಲಸ. ಅವಳ ಕೈ ಆಡಿದ ಮೇಲೆ ತೂತು ಎಲ್ಲಿತ್ತೆಂದು ಹೇಳಲು ಹಲಗೆಗೇ ಬಾಯಿ ಬರಬೇಕಿತ್ತು.

ಕೈ ಅಷ್ಟು ನುಣುಪು, ನಾಲಿಗೆ ಮಾತ್ರ ಗರಗಸ. ಆ ಗರಗಸಕ್ಕೆ ದಿನಾ ಸಿಕ್ಕುತ್ತಿದ್ದವಳು ನಾದಿನಿ. ಗಂಡ ಬಿಟ್ಟ ಮೇಲೆ ಅಣ್ಣನ ಮನೆ ಸೇರಿದ್ದ ಅವಳನ್ನು ಅಡ್ಡೆಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡವಳೂ ಮೊಳೆಯಕ್ಕನೇ. ಮೊದಲ ದಿನವೇ ಗರಗಸದ ಮೇಸ್ತ್ರಿ, "ಇವರ್ಯಾರಕ್ಕಾ?" ಅಂತ ಕೇಳಿದ.

"ವಾಪಸ್ ಬಂದ ಮಾಲು ಕಣಪ್ಪ. ಗಿರಾಕಿ ಸ್ವಲ್ಪ ದಿನ ಇಟ್ಕೊಂಡು ನೋಡ್ದ, ಬಾಗಿದೆ ಅಂತ ತಂದು ಎಸೆದು ಹೋದ."

ಅಡ್ಡೆಗೆ ಅಡ್ಡೆಯೇ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅವಳ ಹೆಸರೇ ವಾಪಸ್ಸು. "ಏ ವಾಪಸ್ಸೂ, ಗೋಂದು ತಾರೇ!" ಅಂದರೆ ತಂದುಕೊಡುತ್ತಿದ್ದಳು. ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ಅಷ್ಟರಲ್ಲಿ ಮರದ ವ್ಯಾಪಾರದ ಗಾಳಿಯೇ ತಿರುಗಿತು. ಅಗ್ಗದಲ್ಲಿ ಕೊಳ್ಳುವವರೆಲ್ಲ ಪುಡಿ ಒತ್ತಿ ಮಾಡಿದ ಹಲಗೆಯ ಕಡೆ ಹೋದರು. ಉಳಿದ ಉಳ್ಳವರಿಗೆ ಹೊಸ ಮರ ಸಪ್ಪೆಯಾಯಿತು. ಅವರಿಗೆ ಹಳೇದು ಬೇಕು, ಹಳೇದೆಂದು ಕಣ್ಣಿಗೆ ಹೊಡೆಯಲೂ ಬೇಕು. ಮೊಳೆ ತೂತಿಗೆ ಬೆರಳು ತೂರಿಸಿ ಖುಷಿಪಡುವ ಗಿರಾಕಿಗಳನ್ನು ಸಾಹುಕಾರ ಕಣ್ಣಾರೆ ಕಂಡ. ತೂತು ಮುಚ್ಚುವುದೇ ಬೇಡ ಅಂದಮೇಲೆ ಉಳಿಯುವುದು ಅರ್ಧ ಕೆಲಸ, ಇಬ್ಬರು ಹೆಂಗಸರು ಯಾತಕ್ಕೆ? ಆದರೆ ಅವರ ಮುಂದೆ ಅವನು ಆಡಿದ್ದು ಅರ್ಧ ಮಾತು: "ಇನ್ಮೇಲೆ ಒಬ್ರು ಸಾಕು. ದೊಡ್ಡ ಹೋಟೆಲಿನ ಮೇಜಿಗೆ ಹಲಗೆ ಬಂದಿದೆ. ಆ ಕೆಲಸ ನೋಡಿ ಯಾರು ಇರ್ಬೇಕು ಅಂತ ಹೇಳ್ತೀನಿ."

ಮೊಳೆಯಕ್ಕ ಗೆದ್ದೆನೆಂದೇ ತಿಳಿದಳು.

ಉಳಿದರ್ಧ ಮಾತನ್ನು ಸಾಹುಕಾರ ಮರುದಿನ ಗೇಟಿನಲ್ಲಿ ಎದುರಾದ ನಾದಿನಿಗೆ ಹೇಳಿದ: "ಮೊಳೆ ಕೀಳಿ, ಅಷ್ಟೇ. ತೂತು ಹಾಗೇ ಇರ್ಲಿ. ನಿಮ್ಮತ್ತಿಗೇಗೂ ಹೇಳು." ಅವಳು ತಲೆಯಾಡಿಸಿ ಒಳಗೆ ಬಂದಳು.

"ಏನಂತೇ ಸಾಹುಕಾರಂದು?" ಎಂದಳು ಮೊಳೆಯಕ್ಕ.

"ಏನಿಲ್ಲ ಅತ್ತಿಗೆ. ಚೆನ್ನಾಗಿ ಮಾಡಿ ಅಂದ್ರು."

"ಚೆನ್ನಾಗಿ ಮಾಡೋದು ನಿನಗೇನೇ ಗೊತ್ತು? ನೀನು ಮೊಳೆ ಕಿತ್ತು ಕೊಡು, ಮುಚ್ಚೋದು ನಾನು. ನಿನ್ನ ಕೈ ಬಿದ್ರೆ ಇದೂ ವಾಪಸ್ ಬಂದೀತು."

"ಆಯ್ತತ್ತಿಗೆ."

ಮೊಳೆಯಕ್ಕ ಬಗ್ಗಿಸಿದ ಸೊಂಟ ಎತ್ತದೆ ತೂತು ತುಂಬಿದಳು. ಹಲಗೆಯ ಬಣ್ಣಕ್ಕೆ ಸರಿಯಾದ ಪುಡಿ ಹುಡುಕಿದಳು, ಎಳೆ ನೋಡಿ ಉಜ್ಜಿದಳು. ನಾದಿನಿ ಕೇಳುವ ಮೊದಲೇ ಗೋಂದು ತಂದಿಟ್ಟಳು, ಪುಡಿ ಜರಡಿ ಹಿಡಿದುಕೊಟ್ಟಳು. ಕೊನೆಯ ಹಲಗೆಯ ತುದಿಯಲ್ಲಿ ಬೆರಳಿಟ್ಟು, "ಇಲ್ಲೊಂದು ಬಿಟ್ಟಿದೀರ ಅತ್ತಿಗೆ" ಅಂದಳು. ಮೊಳೆಯಕ್ಕ ಅದನ್ನೂ ಮುಚ್ಚಿದಳು.

ಹೋಟೆಲಿನವನು ಬಂದು ಹಲಗೆಯ ಮೇಲೆ ಅಂಗೈ ಆಡಿಸಿದ. "ಏನ್ರೀ ಇದು? ಹೊಸದರ ಥರ ಇದೆ! ತೂತೆಲ್ಲಿ?"

ಸಾಹುಕಾರನ ಮುಖ ಇಳಿಯಿತು. "ಯಾರು ಮುಚ್ಚಿದ್ದು?"

"ನಾನೇ!" ಮೊಳೆಯಕ್ಕ ಎದೆಯುಬ್ಬಿಸಿಕೊಂಡು ಮುಂದೆ ಬಂದಳು.

"ಮುಚ್ಚಬೇಡ ಅಂತ ಹೇಳಿ ಕಳಿಸಿದ್ನಲ್ಲಮ್ಮ! ನಿನ್ನ ನಾದಿನಿ ಹೇಳ್ಲಿಲ್ವಾ?"

"ಹೇಳ್ದೆ ಸಾಹುಕಾರ್ರೇ," ನಾದಿನಿ ತಲೆ ತಗ್ಗಿಸಿ ನಿಂತಿದ್ದಳು. "ಅತ್ತಿಗೆ ನನ್ನ ಮಾತು ಯಾವತ್ತು ಕೇಳಿದಾರೆ?"

"ಸುಳ್ಳಿ! ಮನೆಹಾಳಿ! ಒಂದು ಮಾತು ಆಡಿಲ್ಲ ಇವಳು! ಮೇಸ್ತ್ರೀ, ನೀನಾದ್ರೂ ಹೇಳೋ!"

ಮೇಸ್ತ್ರಿ ಕಿವಿ ಕೆರೆದುಕೊಂಡ. "ನಾನೇನೂ ಕೇಳಿಸ್ಕೊಂಡಿಲ್ಲಕ್ಕ. ಆದ್ರೆ ವಾಪಸ್ಸಿನ ಮಾತಿಗೆ ನೀನು ಬೆಲೆ ಕೊಟ್ಟಿದ್ದಂತೂ ನಾನು ಕಂಡಿಲ್ಲ."

ಅಡ್ಡೆ ಮತ್ತೆ ನಕ್ಕಿತು. ಈ ಸಲ ಯಾರನ್ನು ನೋಡಿ ನಕ್ಕಿತೆಂದು ಹೇಳಬೇಕಾಗಿಲ್ಲ.

ನಾಳೆಯಿಂದ ಕೆಲಸಕ್ಕೆ ಬರಬೇಡ, ಹೋಗುವ ಮುಂಚೆ ಮುಚ್ಚಿದ್ದನ್ನೆಲ್ಲ ಬಿಚ್ಚಿ ಹೋಗು ಎಂದು ಸಾಹುಕಾರ ಮೊಳೆಯಕ್ಕನ ಕೈಗೇ ಉಳಿ ಕೊಟ್ಟ. ಗೋಂದು ಕಲ್ಲಾಗಿತ್ತು. ಒಂದೊಂದು ತೂತೂ ತನ್ನ ಸುತ್ತಲಿನ ಮರವನ್ನು ಸೀಳಿಕೊಂಡೇ ಬಾಯಿ ಬಿಟ್ಟಿತು. ಹೋಟೆಲಿನವನು ಬಗ್ಗಿ ನೋಡಿ, "ಹಾಂ, ಈಗ ಚೆಂದ" ಅಂದ.

ಮನೆಯಲ್ಲಿ ಮೊಳೆಯಕ್ಕ ಗಂಡನ ಮುಂದೆ ಕೂತು ಬಿಕ್ಕಿ ಬಿಕ್ಕಿ ಹೇಳಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ನಿನ್ನ ಬಾಯಿ ನನಗೆ ಗೊತ್ತಿಲ್ವೇನೇ? ಪುಣ್ಯಕ್ಕೆ ತಂಗಿ ಕೆಲಸನಾದ್ರೂ ಉಳೀತು. ಸ್ವಲ್ಪ ಸಾರು ಹಾಕು."

ಬೆಳಿಗ್ಗೆ ನಾದಿನಿ ತಲೆ ಬಾಚಿಕೊಂಡು ಕೆಲಸಕ್ಕೆ ಹೊರಟಳು. ಚಪ್ಪಲಿ ಮೆಟ್ಟುತ್ತಾ, ಎಂದಿನ ಮೆತ್ತಗಿನ ದನಿಯಲ್ಲೇ ಹೇಳಿದಳು: "ಅತ್ತಿಗೆ, ನನ್ನ ಬಟ್ಟೆ ನೆನೆಹಾಕಿದೀನಿ. ಹೇಗೂ ಮನೇಲೇ ಇರ್ತೀರಲ್ಲ."

ಮೊಳೆಯಕ್ಕನ ಬಾಯಿಗೆ ಒಂದು ಬೈಗುಳ ಬಂತು. ಒಳಗೆ ಗಂಡ ಕೆಮ್ಮಿದ. ಅವಳು ಬೈಗುಳ ನುಂಗಿಕೊಂಡು ಬಚ್ಚಲಿಗೆ ಹೋಗಿ, ಬಕೆಟ್ಟಿನ ಮುಂದೆ ಕುಕ್ಕರಿಸಿದಳು.